ಹುಟ್ಟುಹಬ್ಬ ಅವರದ್ದು, ಒಂದು ಮಾತು ಕೇಳೋದು ಬೇಡ್ವಾ?

ಮೊನ್ನೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ ಮೆಸೇಜ್. ‘ಶುಕ್ರವಾರ ಹುಟ್ಟುಹಬ್ಬದ ಸರ್‌ಪ್ರೈಸ್, ಯಾರೂ ಬಾಯಿ ಬಿಡಬೇಡಿ.’ ಈ ಸಲ ನಾನು ದುಡ್ಡು ಹಾಕಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಇಲ್ಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಒಬ್ಬ ಸಹೋದ್ಯೋಗಿಯನ್ನು ಮೀಟಿಂಗ್ ರೂಮಿಗೆ ಕರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಮೇಡಂ, ಮ್ಯಾನೇಜರ್ ಕರೀತಿದ್ದಾರೆ, ಬೇಗ ಬರಬೇಕಂತೆ’ ಅಂದೆ. ಅವರ ಮುಖ ಬಿಳಿಚಿಕೊಂಡಿತು. ‘ಯಾಕಂತೆ? ನಿನ್ನೆ ರಿಪೋರ್ಟಲ್ಲಿ ಏನಾದ್ರೂ ತಪ್ಪಾಗಿದ್ಯಾ?’ ಅಂತ ಎರಡೆರಡು ಸಲ ಕೇಳಿದರು. ಗೊತ್ತಿಲ್ಲ ಅಂದೆ. ಡೈರಿ, ಪೆನ್ನು, ರಿಪೋರ್ಟಿನ ಹಾಳೆಗಳು ಎಲ್ಲ ಎದೆಗೆ ಅವಚಿಕೊಂಡು ಬಂದರು. ಬಾಗಿಲು ತೆಗೆದ ಕೂಡಲೇ ಲೈಟ್ ಹತ್ತಿತು, ಇಪ್ಪತ್ತು ಜನ ಒಟ್ಟಿಗೆ ಕೂಗಿದರು. ಹಾಳೆಗಳೆಲ್ಲ ನೆಲಕ್ಕೆ ಬಿದ್ದವು. ಅವರು ಬಗ್ಗಿ ಒಂದೊಂದೇ ಆರಿಸಿಕೊಳ್ಳುತ್ತಿದ್ದರೆ ಸುತ್ತ ಚಪ್ಪಾಳೆ, ಹಾಡು, ವಿಡಿಯೊ. ಪ್ಲಾಸ್ಟಿಕ್ ಚಾಕು ಹಿಡಿದ ಕೈ ನಡುಗುತ್ತಿತ್ತು. ಯಾರೋ ಹಿಂದಿನಿಂದ ಬಂದು ಕೆನ್ನೆಗೆ ಕ್ರೀಮ್ ಮೆತ್ತಿದರು. ಅವರು ನಕ್ಕರು. ನಗದೆ ಏನು ಮಾಡ್ತಾರೆ, ಎದುರಿಗೆ ಮ್ಯಾನೇಜರ್ ನಿಂತಿದ್ದಾರಲ್ವಾ?

ನನಗೆ ಈಗಲೂ ಚುಚ್ಚುವುದು ಆ ಸುಳ್ಳು. ಮೀಟಿಂಗ್ ರೂಮಿನವರೆಗೆ ನಡೆದ ಆ ಎರಡು ನಿಮಿಷ ಅವರು ಕೆಲಸ ಹೋಯಿತೇನೋ ಅಂತ ಹೆದರಿದ್ದರು. ಪಕ್ಕದಲ್ಲೇ ನಡೆಯುತ್ತಿದ್ದ ನನಗೆ ಅದು ಕಾಣುತ್ತಿತ್ತು.

ಗಾಬರಿಯಾದರೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ನಾವು ಪ್ರೀತಿಯಿಂದ ಕೂಗಿದೆವು ಅನ್ನುವ ಕಾರಣಕ್ಕೆ ಅದು ಕಮ್ಮಿಯಾಗಲ್ಲ. ಅಮೆರಿಕದ ಕೆಂಟಕಿಯಲ್ಲಿ 2019ರಲ್ಲಿ ಒಬ್ಬ ಉದ್ಯೋಗಿ, ತನಗೆ ಆತಂಕದ ತೊಂದರೆ ಇದೆ, ಆಫೀಸಿನಲ್ಲಿ ಹುಟ್ಟುಹಬ್ಬ ಮಾಡಬೇಡಿ ಅಂತ ಮೊದಲೇ ಕೇಳಿಕೊಂಡಿದ್ದರು. ಆದರೂ ಮಾಡಿದರು. ಅವರಿಗೆ ಪ್ಯಾನಿಕ್ ಅಟ್ಯಾಕ್ ಆಯಿತು, ಊಟದ ಹೊತ್ತನ್ನು ಕಾರಿನಲ್ಲಿ ಒಬ್ಬರೇ ಕೂತು ಕಳೆದರು. ಆಮೇಲೆ ಕೆಲವೇ ದಿನಗಳಲ್ಲಿ ಕೆಲಸದಿಂದಲೂ ತೆಗೆದರು. ಅವರು ಕೋರ್ಟಿಗೆ ಹೋದರು. 2022ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡ, ಕಂಪನಿ ಅವರಿಗೆ 4.5 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂದಿತು. ಅಲ್ಲಿ ಅವರು ಬಾಯಿಬಿಟ್ಟು ಹೇಳಿದ್ದರು. ಹೇಳಲಾರದವರು ಎಷ್ಟು ಜನ ಇರಬೇಡ?

ಕೆಲವರಿಗೆ ಆ ದಿನ ಮನೆಯ ಸಾವೊಂದು ನೆನಪಾಗುತ್ತದೆ. ಕೆಲವರಿಗೆ ವಯಸ್ಸು ಹೇಳಿಕೊಳ್ಳುವುದು ಇಷ್ಟವಿಲ್ಲ. ಕೆಲವರಿಗೆ ಸುಮ್ನೆ ಬೇಡ, ಅಷ್ಟೇ. ಕಾರಣ ಕೇಳುವ ಹಕ್ಕು ನಮಗಿಲ್ಲ. ಕೆಲಸಕ್ಕೆ ಸೇರುವಾಗ ಹುಟ್ಟಿದ ದಿನ ಬರೆದುಕೊಟ್ಟದ್ದು ದಾಖಲೆಗೆ, ಮೇಣದ ಬತ್ತಿ ಹಚ್ಚುವುದಕ್ಕಲ್ಲ. ಗೆಳೆಯರ ಮನೆಯಲ್ಲಾದರೆ ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದು. ಸಂಬಳ ಕೊಡುವವರ ಮುಂದೆ ಹಾಗೆ ಎದ್ದು ಹೋಗೋಕೆ ಆಗುತ್ತಾ?

ಈ ವರ್ಷ ಒಂದು ವಾರ ಮೊದಲೇ ಆ ಮೇಡಂ ಹತ್ತಿರ ಹೋದೆ. ಹೋದ ವರ್ಷದ ಸುಳ್ಳಿಗೆ ಕ್ಷಮೆ ಕೇಳಿದೆ. ‘ಈ ಸಲ ಏನಾದ್ರೂ ಮಾಡೋದಾ, ಬೇಡ್ವಾ?’ ಅಂದೆ.

‘ಬೇಡಪ್ಪಾ. ಆವತ್ತು ನಾನು ರಜೆ ಹಾಕಿಬಿಟ್ಟಿದ್ದೀನಿ’ ಅಂದರು.