355 ಎಂಬ ಉತ್ತರಕ್ಕೆ ಯಾರು ಹೊಣೆ?

ಈ ವರ್ಷದ ಮೊದಲ ವಾರದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಒಂದು ಹಾಳೆ ಕೊಟ್ಟು ಹತ್ತು ಸಣ್ಣ ಲೆಕ್ಕಗಳನ್ನು ಮಾಡಿಸಿದೆ. ಅವುಗಳಲ್ಲಿ ಒಂದು, 402ರಿಂದ 157ನ್ನು ಕಳೆಯುವ ಲೆಕ್ಕ. ಮುಂದಿನ ಬೆಂಚಿನ ಒಬ್ಬ ಹುಡುಗ ಅಂದವಾದ ಅಕ್ಷರದಲ್ಲಿ, ಚಿತ್ತುಕಾಟು ಇಲ್ಲದೆ, 355 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಮೊದಲು ಅಜಾಗರೂಕತೆ ಎಂದುಕೊಂಡೆ. ಆಮೇಲೆ ಅವನ ಉಳಿದ ಲೆಕ್ಕಗಳನ್ನು ನೋಡಿದರೆ 63ರಿಂದ 28 ಕಳೆದು 45 ಎಂದು ಬರೆದಿದ್ದ. ಅವನು ಎಲ್ಲಿಯೂ ಮೈಮರೆತಿರಲಿಲ್ಲ. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆಯಬೇಕು ಎಂಬ ನಿಯಮವೊಂದನ್ನು ಎಂದೋ ತಾನಾಗಿಯೇ ಕಟ್ಟಿಕೊಂಡು, ಅದನ್ನು ವರ್ಷಗಟ್ಟಲೆ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ. ಪಕ್ಕದ ಸ್ಥಾನದಿಂದ ಸಾಲ ಪಡೆಯುವುದು ಎಂದರೇನು ಎಂದು ಅವನಿಗೆ ತಿಳಿದಿರಲಿಲ್ಲ. ಅವನಿಗೆ ತಿಳಿದಿಲ್ಲ ಎಂಬುದು ಬೇರೆ ಯಾರಿಗೂ ತಿಳಿದಿರಲಿಲ್ಲ.

ಅವನ ಹಳೆಯ ಅಂಕಪಟ್ಟಿಗಳನ್ನು ತರಿಸಿ ನೋಡಿದೆ. ಗಣಿತದಲ್ಲಿ ಆರನೇ ತರಗತಿಯಲ್ಲಿ ನೂರಕ್ಕೆ 68, ಏಳನೇ ತರಗತಿಯಲ್ಲಿ 71. ನನ್ನನ್ನು ಕಲಕಿದ್ದು 355 ಎಂಬ ಉತ್ತರವಲ್ಲ, ಈ 71. ತಪ್ಪು ಉತ್ತರ ಮಗುವಿನದು, ಅದನ್ನು ತಿದ್ದಬಹುದು. ಆದರೆ 71 ಎಂಬ ಅಂಕಿಯನ್ನು ಬರೆದದ್ದು ದೊಡ್ಡವರು. ಅದನ್ನು ನೋಡಿ ಆ ಹುಡುಗ ತನಗೆ ಗಣಿತ ಬರುತ್ತದೆ ಎಂದು ನಂಬಿದ, ಮನೆಯವರು ನಂಬಿದರು, ಮುಂದಿನ ತರಗತಿಯ ಶಿಕ್ಷಕರೂ ನಂಬಿ ನೇರವಾಗಿ ಬೀಜಗಣಿತಕ್ಕೆ ಹೋದರು.

ಶಾಲೆಗಳಲ್ಲಿ ಕಲಿಕೆಯ ಮಟ್ಟ ಕುಸಿಯುತ್ತಿದೆ, ಇದಕ್ಕೆ ಯಾರು ಹೊಣೆ ಎಂಬ ಚರ್ಚೆ ಬಂದಾಗಲೆಲ್ಲ ಕಾಲೇಜಿನವರು ಪ್ರೌಢಶಾಲೆಯ ಕಡೆಗೆ, ನಾವು ಪ್ರಾಥಮಿಕ ಶಾಲೆಯ ಕಡೆಗೆ, ಅವರು ಮನೆಯ ಕಡೆಗೆ ಬೆಟ್ಟು ಮಾಡುತ್ತೇವೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ ಮೇಲೆ ನನಗೆ ಅನ್ನಿಸುತ್ತಿರುವುದು ಇಷ್ಟು: ಮಗುವಿಗೆ ಬಾರದ್ದನ್ನು ಬರುತ್ತದೆ ಎಂದು ಬರೆದುಕೊಟ್ಟವರೆಲ್ಲರೂ ಹೊಣೆಗಾರರು, ಹಾಗೆ ಬರೆದುಕೊಡದೆ ಗತಿಯಿಲ್ಲ ಎಂಬ ಪರಿಸ್ಥಿತಿಯನ್ನು ನಿರ್ಮಿಸಿದವರು ಅವರಿಗಿಂತ ಹೆಚ್ಚಿನ ಹೊಣೆಗಾರರು.

ಕುಸಿತ ನಿಜವೇ ಎಂಬ ಪ್ರಶ್ನೆಯನ್ನು ಮೊದಲು ಎದುರಿಸಬೇಕು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಎಲ್ಲ ಕಾಲದ ಹಿರಿಯರೂ ಹೇಳಿದ್ದಾರೆ. ಆ ಮಾತನ್ನೇ ಸಾಕ್ಷಿಯಾಗಿ ಹಿಡಿಯಲಾಗದು. ಅಳತೆಗಳನ್ನು ನೋಡೋಣ. ಹದಿನೈದು ವರ್ಷದ ಮಕ್ಕಳ ಓದು, ಗಣಿತ ಮತ್ತು ವಿಜ್ಞಾನವನ್ನು ಅಳೆಯುವ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯನ್ನು, ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸಂಸ್ಥೆ 2000ದಿಂದ ನಡೆಸುತ್ತಿದೆ. 2022ರ ಪರೀಕ್ಷೆಯಲ್ಲಿ ಸದಸ್ಯ ದೇಶಗಳ ಸರಾಸರಿ, 2018ಕ್ಕೆ ಹೋಲಿಸಿದರೆ, ಗಣಿತದಲ್ಲಿ ಸುಮಾರು 15 ಅಂಕ, ಓದಿನಲ್ಲಿ ಸುಮಾರು 10 ಅಂಕ ಇಳಿಯಿತು. ಸುಮಾರು 20 ಅಂಕ ಒಂದು ವರ್ಷದ ಕಲಿಕೆಗೆ ಸಮ ಎಂಬುದು ಆ ಸಂಸ್ಥೆಯದೇ ಲೆಕ್ಕ. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದೇ ಕಾರಣ ಎಂದು ಸುಮ್ಮನಾಗುವಂತೆಯೂ ಇಲ್ಲ, ಏಕೆಂದರೆ ಎಷ್ಟೋ ದೇಶಗಳಲ್ಲಿ ಇಳಿತ ಅದಕ್ಕಿಂತ ಮೊದಲೇ ಆರಂಭವಾಗಿತ್ತು. ಲೋಕವೆಲ್ಲ ಮಾದರಿಯೆಂದು ಹೊಗಳಿದ ಫಿನ್ಲೆಂಡ್ 2006ರಲ್ಲಿ ಗಣಿತದಲ್ಲಿ 548 ಅಂಕ ಪಡೆದಿತ್ತು. 2022ರಲ್ಲಿ ಅದು 484ಕ್ಕೆ ಬಂದಿತ್ತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿ ಒಂದು ಸರಳ ಬರಹವನ್ನು ಓದಿ ಅರ್ಥ ಮಾಡಿಕೊಳ್ಳಲಾರರು ಎಂದು ವಿಶ್ವಬ್ಯಾಂಕ್ 2022ರಲ್ಲಿ ಅಂದಾಜು ಮಾಡಿತು.

ಇದರ ಜೊತೆಗೇ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಿಂದೆ ಓದಲು ಬಾರದ ಮಗು ಎರಡನೆಯದೋ ಮೂರನೆಯದೋ ತರಗತಿಯಲ್ಲಿ ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿತ್ತು, ಯಾವ ಸರಾಸರಿಯಲ್ಲಿಯೂ ಅದರ ಲೆಕ್ಕ ಸೇರುತ್ತಿರಲಿಲ್ಲ. ಇಂದು ಆ ಮಗು ತರಗತಿಯಲ್ಲಿ ಕುಳಿತಿದೆ. ಇಂಥವರೆಲ್ಲ ಬಂದು ಮಟ್ಟ ಕೆಟ್ಟಿತು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದಾಗ ನನಗೆ ಸಂಕಟವಾಗುತ್ತದೆ. ಆ ಮಕ್ಕಳು ಬಂದದ್ದು ಶಾಲೆಯ ಗೆಲುವು. ಬಂದವರಿಗೆ ಕಲಿಸುವ ಬಗೆಯನ್ನು ನಾವು ರೂಢಿಸಿಕೊಳ್ಳದಿರುವುದು ನಮ್ಮ ಸೋಲು.

ಮಕ್ಕಳಲ್ಲಿಯೇ ಮೊದಲಿನ ಬುದ್ಧಿ ಇಲ್ಲ ಎನ್ನುವವರೂ ಇದ್ದಾರೆ. ನಾರ್ವೆಯಲ್ಲಿ ಸೈನ್ಯಕ್ಕೆ ಸೇರುವ ಯುವಕರ ಬುದ್ಧಿಪರೀಕ್ಷೆಯ ಅಂಕಗಳು 1970ರ ದಶಕದ ಮಧ್ಯಭಾಗದ ನಂತರ ಹುಟ್ಟಿದವರಲ್ಲಿ ಇಳಿಯುತ್ತಾ ಹೋದವು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೇ ಮನೆಯ ಅಣ್ಣತಮ್ಮಂದಿರ ಅಂಕಗಳನ್ನು ಹೋಲಿಸಿ ನೋಡಿತು. ಇಳಿತ ಅಲ್ಲಿಯೂ ಕಂಡಿತು. ತಂದೆತಾಯಿ ಒಬ್ಬರೇ ಆಗಿದ್ದೂ ತಮ್ಮನ ಅಂಕ ಇಳಿದಿದ್ದರೆ ಕಾರಣ ರಕ್ತದಲ್ಲಿಲ್ಲ, ಬೆಳೆದ ಪರಿಸರದಲ್ಲಿದೆ. ಮಗುವನ್ನು ನಾನು ಆರೋಪಿಗಳ ಪಟ್ಟಿಯಿಂದ ಪೂರ್ತಿಯಾಗಿ ಬಿಟ್ಟಿರುವುದು ಈ ಕಾರಣಕ್ಕೆ.

ಇನ್ನು ಅಂಕದ ವಿಚಾರ. ಕೊರೋನಾ ಕಾಲದಲ್ಲಿ ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯ ಸೇರುವ ಮುನ್ನ ಬರೆಯುವ ಎ-ಲೆವೆಲ್ ಪರೀಕ್ಷೆಗಳು ರದ್ದಾಗಿ ಶಿಕ್ಷಕರೇ ಶ್ರೇಣಿ ನೀಡಬೇಕಾಗಿ ಬಂತು. 2019ರಲ್ಲಿ ಎ ಮತ್ತು ಅದಕ್ಕೂ ಮೇಲಿನ ಶ್ರೇಣಿಗಳು ಒಟ್ಟು ಫಲಿತಾಂಶದ ಸುಮಾರು ಕಾಲು ಭಾಗದಷ್ಟಿದ್ದರೆ 2021ರಲ್ಲಿ ಅವು ಶೇಕಡಾ 44ನ್ನು ದಾಟಿದವು. ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದ ಕಾಲದಲ್ಲಿ ಮಕ್ಕಳು ಇಷ್ಟು ಹೆಚ್ಚು ಕಲಿತಿರಲು ಸಾಧ್ಯವಿಲ್ಲ. ಪರೀಕ್ಷೆಗಳು ಮರಳಿದ ಮೇಲೆ ಶ್ರೇಣಿಗಳೂ ಹೆಚ್ಚು ಕಡಿಮೆ ಹಳೆಯ ಜಾಗಕ್ಕೆ ಮರಳಿದವು. ಆ ಶಿಕ್ಷಕರನ್ನು ಕೆಟ್ಟವರೆಂದು ನಾನು ಹೇಳಲಾರೆ. ಕಣ್ಣೆದುರಿನ ಮಗುವಿನ ಬಗ್ಗೆ ಅನುಮಾನ ಬಂದಾಗ ಕೈ ಮೇಲಕ್ಕೇ ಹೋಗುತ್ತದೆ. ನನ್ನ ಕೈಯೂ ಹೋಗಿದೆ.

ಎಷ್ಟು ಬಾರಿ ಹೋಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಆಂತರಿಕ ಮೌಲ್ಯಮಾಪನದ ಅಂಕಗಳನ್ನು ಕಳುಹಿಸುವ ಹಿಂದಿನ ದಿನ ಒಂದು ಸಭೆ ನಡೆಯುತ್ತಿತ್ತು. ಕಳೆದ ವರ್ಷದ ಫಲಿತಾಂಶ ಎಷ್ಟು, ಈ ವರ್ಷ ಎಷ್ಟಾಗಬೇಕು ಎಂಬುದನ್ನು ಕರಿಹಲಗೆಯ ಮೇಲೆ ಬರೆಯಲಾಗುತ್ತಿತ್ತು. ಅಂಕ ಹೆಚ್ಚಿಸಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಇನ್ನೊಮ್ಮೆ ನೋಡಿ" ಎನ್ನುತ್ತಿದ್ದರು. ನಾವು ಇನ್ನೊಮ್ಮೆ ನೋಡುತ್ತಿದ್ದೆವು. ಇಪ್ಪತ್ತಕ್ಕೆ ಆರು ಬಂದವನಿಗೆ ಹದಿನೈದು ಆಗುತ್ತಿತ್ತು, ಅದಾದ ಮೇಲೆ ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು. ಆ ಒಂಬತ್ತು ಅಂಕಗಳಲ್ಲಿ ಒಂದು ಮಗುವಿನ ಮೂರು ವರ್ಷದ ಹಿನ್ನಡೆ ಮುಚ್ಚಿಹೋಗುತ್ತಿತ್ತು. ಆ ಕಾಲದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ದೊಡ್ಡವರಾಗಿ ಎದುರಾದಾಗ ಗೌರವದಿಂದ ನಮಸ್ಕರಿಸುತ್ತಾರೆ. ಅವರ ಮುಖ ನೋಡಲು ನನಗೆ ಕಷ್ಟವಾಗುತ್ತದೆ.

ಅಳತೆಗೋಲಿನ ಮೇಲೆ ಬಹುಮಾನವನ್ನೂ ಶಿಕ್ಷೆಯನ್ನೂ ಕಟ್ಟಿದಷ್ಟೂ ಅಳತೆ ಕೆಡುತ್ತದೆ ಎಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲಿಯೇ ಎಚ್ಚರಿಸಿದ್ದರು. ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳಲ್ಲಿ ಈ ಮಾತು ನಿಜವಾಯಿತು. ಅಲ್ಲಿ ಪರೀಕ್ಷಾ ಗುರಿ ತಲುಪಿದವರಿಗೆ ಹಣ, ತಲುಪದವರಿಗೆ ಕೆಲಸ ಹೋಗುವ ಭಯ. 2009ರ ಪರೀಕ್ಷೆಯ ಕುರಿತು ರಾಜ್ಯ ಸರ್ಕಾರ ನಡೆಸಿದ ತನಿಖೆಯ ವರದಿ 2011ರಲ್ಲಿ ಬಂದಾಗ, ಪರಿಶೀಲಿಸಿದ 56 ಶಾಲೆಗಳ ಪೈಕಿ 44ರಲ್ಲಿ ಮೋಸ ನಡೆದಿತ್ತು. 178 ಶಿಕ್ಷಕರು ಮತ್ತು ಮುಖ್ಯಸ್ಥರು ಅದರಲ್ಲಿ ಭಾಗಿಗಳಾಗಿದ್ದರು. ಮಕ್ಕಳು ಬರೆದ ತಪ್ಪು ಉತ್ತರಗಳನ್ನು ರಬ್ಬರಿನಿಂದ ಅಳಿಸಿ ದೊಡ್ಡವರು ಸರಿ ಉತ್ತರ ತುಂಬಿದ್ದರು. ಕೊನೆಗೆ 2015ರಲ್ಲಿ 11 ಮಂದಿ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಆದರೆ ಆ ಮಕ್ಕಳು ನೆರವಿನ ಪಾಠ ಸಿಗಬೇಕಿದ್ದ ವರ್ಷಗಳನ್ನು ಕಳೆದುಕೊಂಡದ್ದು ಯಾವ ತೀರ್ಪಿನಿಂದಲೂ ತುಂಬಿಬರುವುದಿಲ್ಲ.

ಹಿನ್ನಡೆ ಆರಂಭವಾಗುವುದು ಎಂಟನೇ ತರಗತಿಯಲ್ಲಿ ಅಲ್ಲ, ಒಂದರಿಂದ ಮೂರನೇ ತರಗತಿಯೊಳಗೆ. ಪಠ್ಯಕ್ರಮ ಬರೆಯುವವರು ಪ್ರತಿ ಪರಿಷ್ಕರಣೆಯಲ್ಲಿಯೂ ಮೇಲಿನ ತರಗತಿಯ ಪಾಠವೊಂದನ್ನು ಕೆಳಗೆ ಇಳಿಸಿ ಮಟ್ಟ ಏರಿಸಿದೆವು ಎಂದು ತೃಪ್ತಿಪಡುತ್ತಾರೆ. ಪುಸ್ತಕ ಮುಂದೆ ಮುಂದೆ ಓಡುತ್ತದೆ, ಮಗು ಹಿಂದೆಯೇ ಉಳಿಯುತ್ತದೆ. ಪೋರ್ಷನ್ ಮುಗಿಸಿದ್ದೀರಾ ಎಂದು ನನ್ನನ್ನು ಪ್ರತಿ ತಿಂಗಳೂ ಕೇಳಿದ್ದಾರೆ. ಎಷ್ಟು ಮಕ್ಕಳಿಗೆ ಅರ್ಥವಾಯಿತು ಎಂದು ಇಷ್ಟು ವರ್ಷಗಳಲ್ಲಿ ಮೇಲಿನವರು ಯಾರೂ ಕೇಳಿದ ನೆನಪಿಲ್ಲ. ಓದಲು ಕಲಿತ ಮಗು ಓದಿ ಓದಿ ಇನ್ನಷ್ಟು ಕಲಿಯುತ್ತದೆ, ಕಲಿಯದ ಮಗು ಇತಿಹಾಸವನ್ನೂ ವಿಜ್ಞಾನವನ್ನೂ ಗಣಿತದ ಮಾತಿನ ಲೆಕ್ಕವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ. ಹೀಗಾಗಿ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಮೂರನೇ ತರಗತಿಯಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳಲ್ಲಿ ತುಂಬಬಹುದಾದ ಕೊರತೆ ಎಂಟನೇ ತರಗತಿಗೆ ಬರುವಷ್ಟರಲ್ಲಿ ಮಗುವಿನ ಆತ್ಮವಿಶ್ವಾಸವನ್ನೇ ತಿಂದುಹಾಕಿರುತ್ತದೆ.

ಆದ್ದರಿಂದ ನಪಾಸು ಮಾಡಬೇಕೇ ಬೇಡವೇ ಎಂಬ ಜಗಳದಲ್ಲಿ ನನಗೆ ಎರಡೂ ಪಕ್ಷಗಳ ಮೇಲೆ ನಂಬಿಕೆ ಇಲ್ಲ. ಕಲಿಸದೆ ಮುಂದಕ್ಕೆ ದಾಟಿಸುವುದು ಎಷ್ಟು ತಪ್ಪೋ, ಅರ್ಥವಾಗದ ಪಾಠವನ್ನೇ ಅದೇ ರೀತಿಯಲ್ಲಿ ಇನ್ನೊಂದು ವರ್ಷ ಕೇಳಿಸುವುದೂ ಅಷ್ಟೇ ತಪ್ಪು. ಓದಿನಲ್ಲಿ ಅಮೆರಿಕದ ಕಟ್ಟಕಡೆಯ ರಾಜ್ಯಗಳಲ್ಲಿ ಒಂದಾಗಿದ್ದ ಮಿಸಿಸಿಪ್ಪಿ 2013ರಲ್ಲಿ ಒಂದು ಕಾನೂನು ಮಾಡಿ, ಮೂರನೇ ತರಗತಿಯ ಕೊನೆಗೆ ಓದು ಬಾರದ ಮಗುವನ್ನು ಮುಂದಕ್ಕೆ ಕಳುಹಿಸಬಾರದು ಎಂದಿತು. ಹೊರಗಿನವರು ಈ ತಡೆಯನ್ನು ಮಾತ್ರ ನೋಡಿ ಮೆಚ್ಚುತ್ತಾರೆ. ಅದರ ಹಿಂದೆ ಶಿಶುವಿಹಾರದಿಂದಲೇ ಪ್ರತಿ ಮಗುವಿನ ಓದನ್ನು ಪರೀಕ್ಷಿಸುವ ವ್ಯವಸ್ಥೆ ಇತ್ತು, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕಲಿಸುವ ತರಬೇತಿ ಶಿಕ್ಷಕರಿಗೆ ಸಿಕ್ಕಿತ್ತು, ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರು ಬಂದು ತರಗತಿಯಲ್ಲಿಯೇ ಕುಳಿತು ನೆರವಾಗುತ್ತಿದ್ದರು. 2019ರ ಹೊತ್ತಿಗೆ ಆ ರಾಜ್ಯದ ನಾಲ್ಕನೇ ತರಗತಿಯ ಮಕ್ಕಳು ಓದಿನಲ್ಲಿ ದೇಶದ ಸರಾಸರಿಯನ್ನು ಮುಟ್ಟಿದರು. ಬ್ರೆಜಿಲಿನ ಸೊಬ್ರಾಲ್ ಎಂಬ ಬಡ ನಗರ ಇಂಥದ್ದೇ ಹಾದಿ ಹಿಡಿಯಿತು: ಶಾಲಾ ಮುಖ್ಯಸ್ಥರನ್ನು ರಾಜಕೀಯ ಶಿಫಾರಸಿನ ಬದಲು ಅರ್ಹತೆಯಿಂದ ಆರಿಸಿತು, ಮಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸಿ ನೋಡುವುದನ್ನು ಕ್ರಮವಾಗಿ ಮಾಡಿತು. 2017ರಲ್ಲಿ ಆ ದೇಶದ ಪ್ರಾಥಮಿಕ ಶಿಕ್ಷಣದ ಸೂಚ್ಯಂಕದಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ಎರಡು ಕಡೆಯೂ ಬಡತನ ಹಾಗೆಯೇ ಇತ್ತು. ಆದ್ದರಿಂದ ಬಡವರ ಮಕ್ಕಳು ಇಷ್ಟೇ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮೊಬೈಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾನಿ ಇದೆ. 2022ರ ಪೀಸಾದಲ್ಲಿ ಸರಾಸರಿ ಶೇಕಡಾ 65ರಷ್ಟು ವಿದ್ಯಾರ್ಥಿಗಳು ಕೆಲವಾದರೂ ಗಣಿತದ ತರಗತಿಗಳಲ್ಲಿ ತಮ್ಮ ಸಾಧನಗಳಿಂದ ಗಮನ ಚದುರುತ್ತದೆ ಎಂದಿದ್ದರು. ಆದರೆ 355 ಎಂದು ಬರೆದ ಹುಡುಗ ಕಳೆಯುವುದನ್ನು ಕಲಿಯಬೇಕಿದ್ದ ವಯಸ್ಸಿನಲ್ಲಿ ಅವನ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಹೆತ್ತವರ ಮೇಲೆ ನನಗಿರುವ ದೂರು ಒಂದೇ. ಎಷ್ಟು ಅಂಕ ಬಂತು ಎಂದು ಕೇಳುತ್ತಾರೆ, ಏನು ಕಲಿತೆ ಎಂದು ಕೇಳುವುದಿಲ್ಲ. ಆದರೂ ಅವರ ಪಾಲು ಚಿಕ್ಕದು, ಏಕೆಂದರೆ ಅಂಕಪಟ್ಟಿಯನ್ನು ನಂಬುವುದು ಅವರ ಅಪರಾಧವಲ್ಲ. ಶಿಕ್ಷಕರಾದ ನಮ್ಮ ಪಾಲು ಅದಕ್ಕಿಂತ ದೊಡ್ಡದು. ತರಗತಿಯಲ್ಲಿ ಯಾರಿಗೆ ಏನು ಬರುವುದಿಲ್ಲ ಎಂಬುದು ಮೊದಲು ಗೊತ್ತಾಗುವುದು ನಮಗೆ, ಗೊತ್ತಿದ್ದೂ ಸಹಿ ಹಾಕುವುದೂ ನಾವೇ. ಅತಿ ದೊಡ್ಡ ಪಾಲು ಆಡಳಿತದ್ದು. ಪಾಸಾದವರ ಶೇಕಡಾವಾರಿನಿಂದ ಶಾಲೆಯ ಯೋಗ್ಯತೆಯನ್ನು ಅಳೆದು, ಒಂದನೇ ಮತ್ತು ಎರಡನೇ ತರಗತಿಗೆ ಅತ್ಯಂತ ಅನುಭವಿ ಶಿಕ್ಷಕರನ್ನು ಕೊಡುವ ಬದಲು ಅಲ್ಲಿಗೆ ಯಾರಾದರೂ ಸಾಕು ಎಂದು ಭಾವಿಸಿ, ಸತ್ಯ ಹೇಳಿದ ಶಿಕ್ಷಕನಿಗೆ ನೋಟಿಸ್ ಕೊಟ್ಟು, ಸುಳ್ಳು ಹೇಳಿದವನಿಗೆ ಶಾಲು ಹೊದಿಸುವ ವ್ಯವಸ್ಥೆಯಲ್ಲಿ ಪ್ರಾಮಾಣಿಕತೆಯನ್ನು ಒಬ್ಬೊಬ್ಬ ಶಿಕ್ಷಕನ ಧೈರ್ಯಕ್ಕೆ ಬಿಟ್ಟುಬಿಡುವುದು ಸರಿಯಲ್ಲ.

ನಾನು ಮಾಡಲು ಸಾಧ್ಯವಾದದ್ದು ಸಣ್ಣದು. ಆ ಹುಡುಗನಿಗೆ ಕಡ್ಡಿಗಳ ಕಟ್ಟುಗಳನ್ನು ಕೊಟ್ಟೆ: ನೂರರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಎರಡು ಕಡ್ಡಿಗಳಿಂದ ಏಳನ್ನು ತೆಗೆಯಲು ಹೇಳಿದಾಗ ಬಹಳ ಹೊತ್ತು ಸುಮ್ಮನೆ ನೋಡಿದ. ಕೊನೆಗೆ ತಾನೇ ನೂರರ ಕಟ್ಟೊಂದನ್ನು ಬಿಚ್ಚಿ ಹತ್ತು ಹತ್ತರ ಕಟ್ಟು ಮಾಡಿದ, ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿದ. ಎಣಿಸಿ 245 ಎಂದ. ತನ್ನ ಹಳೆಯ ಹಾಳೆಯನ್ನು ಕೇಳಿ ಪಡೆದು 355ರ ಮೇಲೆ ತಾನೇ ಗೆರೆ ಎಳೆದ. ಈ ಸಲದ ಪ್ರಗತಿಪತ್ರದಲ್ಲಿ ಅಂಕದ ಪಕ್ಕದಲ್ಲಿ ಪ್ರತಿ ಮಗುವಿಗೂ ಎರಡು ಸಾಲು ಬರೆದೆ, ಏನು ಬರುತ್ತದೆ, ಏನು ಇನ್ನೂ ಬರುವುದಿಲ್ಲ ಎಂದು. ಮೂವರು ಹೆತ್ತವರು ಬಂದು ಬೇಸರದಿಂದ ಮಾತನಾಡಿದರು. ಒಬ್ಬ ತಾಯಿ ಮಾತ್ರ, ಹಾಗಾದರೆ ಕಳೆದ ವರ್ಷದ ಅಂಕ ಯಾರದು ಸರ್ ಎಂದು ಕೇಳಿದರು. ಅವರಿಗೆ ಉಂಟಾದ ನೋವನ್ನು ತಪ್ಪಿಸುವ ಉತ್ತರ ನನ್ನಲ್ಲಿರಲಿಲ್ಲ. ಈಗ ಶಾಲೆ ಬಿಟ್ಟ ಮೇಲೆ ದಿನಕ್ಕೆ ನಲವತ್ತು ನಿಮಿಷ ಹದಿನಾಲ್ಕು ಮಕ್ಕಳು ಉಳಿಯುತ್ತಾರೆ. ಒಂಬತ್ತು ಮಂದಿಗೆ ಕಳೆಯುವುದು ಬಂದಿದೆ, ಭಾಗಾಕಾರ ಆರಂಭಿಸಿದ್ದೇವೆ. ಉಳಿದ ಐವರು ಇನ್ನೂ ಕಡ್ಡಿಯ ಕಟ್ಟುಗಳೊಂದಿಗೇ ಇದ್ದಾರೆ.