ಸಾರಿ ಕೇಳೋದು, ಸಾರಿ ಹೇಳೋದು

ಅಜ್ಜಿಯ ತಿಥಿ ಮುಗಿಸಿ ಮಾರನೇ ದಿನ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಲಂಡನ್ನಿನ ಮ್ಯಾನೇಜರ್ ವಿಡಿಯೊ ಕಾಲ್‌ನಲ್ಲಿ ಬಂದವನೇ ಮುಖ ಸಪ್ಪಗೆ ಮಾಡಿಕೊಂಡು 'ಐ ಆಮ್ ಸೋ ಸಾರಿ' ಅಂದ. ನಾನು ಅಭ್ಯಾಸಬಲದಿಂದ 'ಇಟ್ಸ್ ಓಕೆ' ಅಂದೆ. ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, ಕಾಲ್ ಮುಗಿದ ಮೇಲೆ ಕೇಳಿದಳು: "ಅವನ್ಯಾಕೋ ಸಾರಿ ಕೇಳಿದ? ಅವನೇನು ಮಾಡಿದ ಪಾಪ?"

ನಗು ಬಂತು. ಆಮೇಲೆ ಯೋಚನೆಯೂ ಬಂತು. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಡವಟ್ಟು ನನ್ನದೇ. 'ಪರವಾಗಿಲ್ಲ ಬಿಡು' ಅಂತ ಹೇಳಿ, ಅಜ್ಜಿ ಹೋಗಿದ್ದಕ್ಕೆ ಅವನನ್ನು ಮಾಫಿ ಮಾಡಿ ಕಳಿಸಿದ್ದೆ!

ಗಮನಿಸಿದ್ದೀರಾ, ನಾವು ಸಾರಿ 'ಕೇಳುತ್ತೇವೆ'. "ಹೋಗಿ ಅಣ್ಣನ ಹತ್ರ ಸಾರಿ ಕೇಳು" ಅಂತ ಮಕ್ಕಳಿಗೆ ಗದರುತ್ತೇವೆ. ಇಂಗ್ಲಿಷಿನವರು ಸಾರಿ ಹೇಳುತ್ತಾರೆ ಅಷ್ಟೇ, ಕೇಳುವುದಿಲ್ಲ. ಕ್ಷಮೆಯನ್ನು ಕೇಳಬೇಕು, ಎದುರಿನವರು ಕೊಡಬೇಕು. ಆ ಪದವನ್ನು ತೆಗೆದು ಅದರ ಜಾಗದಲ್ಲಿ ಸಾರಿಯನ್ನು ಕೂರಿಸಿದೆವು, ಕ್ರಿಯಾಪದ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ನಮ್ಮ ಕನ್ನಡದ ಸಾರಿಗೆ ಇರುವುದು ಒಂದೇ ಅರ್ಥ: ತಪ್ಪಾಯ್ತು. (ಕನ್ನಡದಲ್ಲಿ ಮೊದಲಿಂದ ಇರುವ ಸಾರಿ ಬೇರೆ. 'ಸಾರಿ ಸಾರಿ ಹೇಳಿದೆ' ಅಂದರೆ ಒತ್ತಿ ಹೇಳಿದ್ದೋ, ಎರಡು ಸಲ ಕ್ಷಮೆ ಕೇಳಿದ್ದೋ, ನೀವೇ ನಿರ್ಧಾರ ಮಾಡಿ.)

ಆದರೆ ಇಂಗ್ಲಿಷಿನ ಸಾರಿ ಹುಟ್ಟಿದ್ದು ತಪ್ಪಿನಿಂದ ಅಲ್ಲ, ನೋವಿನಿಂದ. ಹಳೆಯ ಇಂಗ್ಲಿಷಿನಲ್ಲಿ 'ಸಾರ್' ಅಂದರೆ ಗಾಯ, ನೋವು. ಗಂಟಲು ಕೆಟ್ಟಾಗ 'ಸೋರ್ ಥ್ರೋಟ್' ಅನ್ನುತ್ತೇವಲ್ಲ, ಆ 'ಸೋರ್' ಇದೇ. ಅದರಿಂದ 'ಸಾರಿಗ್', ಅಂದರೆ ನೊಂದವನು. ಅದೇ ಸವೆದು ಸವೆದು ಸಾರಿ ಆಯಿತು. 'ಸಾರೋ' ಅನ್ನುವ ದುಃಖದ ಪದ ಇದರ ಅಕ್ಕನೋ ತಂಗಿಯೋ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಅದು 'ಸೋರ್ಗ್' ಅನ್ನುವ ಬೇರೆಯೇ ಮೂಲದ ಪದ. ಅಕ್ಕಪಕ್ಕದ ಮನೆಯಲ್ಲಿ ಬಹಳ ಕಾಲ ಇದ್ದು ಮುಖಚಹರೆ ಒಂದೇ ಥರ ಆಗಿದೆ, ಅಷ್ಟೇ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದರ ಜರ್ಮನ್ ನೆಂಟ. ಜರ್ಮನ್ ಭಾಷೆಯ 'ಜೇರ್' ಅಂದರೆ 'ತುಂಬಾ'. ಅದೂ ಇದೇ ನೋವಿನ ಬೇರಿನಿಂದ ಬಂದಿದ್ದು. ನೋಯುವಷ್ಟು ಅನ್ನುವುದು ಬರೀ 'ತುಂಬಾ' ಆಯಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಕುರುಬರು 'ಸೋರ್ ಅಫ್ರೇಡ್' ಆದರು ಅಂತ ಬರುತ್ತದೆ, ಅಂದರೆ ತುಂಬಾ ಹೆದರಿದರು. ವಿಚಿತ್ರ ಅನ್ನಿಸಿತಾ? ನಾವು 'ಬಿರಿಯಾನಿ ಭಯಂಕರ ಚೆನ್ನಾಗಿದೆ' ಅನ್ನುವುದಿಲ್ಲವಾ!

ತಪ್ಪಿಗೆ ಮದ್ದಾಗಿ ಬರೀ 'ಸಾರಿ' ಅಂತ ಒಂಟಿಯಾಗಿ ಎಸೆಯುವುದು 19ನೇ ಶತಮಾನದಿಂದ ಈಚಿನ ರೂಢಿ. ಹೀಗಾಗಿ ಒಂದೇ ಪದದಲ್ಲಿ ಎರಡು ಅರ್ಥ: 'ನನಗೆ ಬೇಸರವಾಗಿದೆ' ಮತ್ತು 'ನನ್ನದು ತಪ್ಪು'. ಎರಡರ ನಡುವೆ ನುಸುಳಿಕೊಳ್ಳಲು ಬೇಕಾದಷ್ಟು ಜಾಗ ಇದೆ. ದೇಶ ದೇಶಗಳೇ ನುಸುಳಿವೆ.

2001ರ ಏಪ್ರಿಲ್ 1. ಚೀನಾದ ಹೈನಾನ್ ದ್ವೀಪದ ಹತ್ತಿರ ಅಮೆರಿಕದ ಬೇಹುಗಾರಿಕೆ ವಿಮಾನ ಮತ್ತು ಚೀನಾದ ಯುದ್ಧವಿಮಾನ ಆಕಾಶದಲ್ಲಿ ಡಿಕ್ಕಿಯಾದವು. ಚೀನಾದ ಪೈಲಟ್ ವಾಂಗ್ ವೇ ಸತ್ತ. ಜಖಂ ಆದ ಅಮೆರಿಕದ ವಿಮಾನ ಹೈನಾನ್‌ನಲ್ಲೇ ಇಳಿಯಿತು. ಅದರಲ್ಲಿದ್ದ 24 ಜನರನ್ನು ಚೀನಾ ಹಿಡಿದಿಟ್ಟುಕೊಂಡಿತು. 'ಕ್ಷಮೆ ಕೇಳಿ' ಅಂತ ಚೀನಾ, 'ಕೇಳುವಂಥದ್ದು ಏನೂ ಇಲ್ಲ' ಅಂತ ಅಮೆರಿಕ. 11 ದಿನ ಹಗ್ಗಜಗ್ಗಾಟ. ಕೊನೆಗೆ ಅಮೆರಿಕದ ರಾಯಭಾರಿ ಒಂದು ಪತ್ರ ಕೊಟ್ಟರು. ಅದರಲ್ಲಿ ಎರಡು ಸಲ 'ವೆರಿ ಸಾರಿ': ಪೈಲಟ್ ಸತ್ತಿದ್ದಕ್ಕೆ ಒಂದು, ಬಾಯಿಮಾತಿನ ಅನುಮತಿಯೂ ಇಲ್ಲದೆ ಇಳಿದಿದ್ದಕ್ಕೆ ಇನ್ನೊಂದು. ಚೀನಾ ಅದನ್ನು ತನ್ನ ಜನರಿಗೆ ಆಳವಾದ ಕ್ಷಮಾಪಣೆ ಅನ್ನುವ ಅರ್ಥದ ಮಾತಿನಲ್ಲಿ ಓದಿ ಹೇಳಿತು. ಅಮೆರಿಕ ತನ್ನ ಜನರಿಗೆ, ನಾವು ಬೇಸರ ಹೇಳಿದ್ದೇವೆ, ಕ್ಷಮೆ ಕೇಳಿಲ್ಲ ಅಂದಿತು. 24 ಜನ ಮನೆಗೆ ಹೋದರು. ನಮ್ಮಮ್ಮನ ಗೊಂದಲವೇ ಅಲ್ಲಿ ರಾಜತಾಂತ್ರಿಕತೆ ಆಯಿತು ನೋಡಿ.

ಇದರ ಇನ್ನೊಂದು ಮುಖ ನಮಗೇ ಗೊತ್ತು. 2019ರಲ್ಲಿ ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷ. ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ 'ಡೀಪ್ಲಿ ರಿಗ್ರೆಟ್' ಅಂದರು. ಪೂರ್ತಿ ಕ್ಷಮೆ ಕೇಳಿ ಅಂತ ವಿರೋಧ ಪಕ್ಷದ ಜೆರೆಮಿ ಕಾರ್ಬಿನ್ ಅಲ್ಲೇ ಒತ್ತಾಯಿಸಿದರು. ಅದು ಬರಲಿಲ್ಲ. ಇಲ್ಲಿ ಜಿಪುಣತನ ಅದೆಷ್ಟೆಂದರೆ, ಎರಡು ಅರ್ಥದ ಸಾರಿಯನ್ನು ಕೊಡುವುದಕ್ಕೂ ಕೈ ಬರಲಿಲ್ಲ. ಕೆನಡಾದ ಒಂಟಾರಿಯೊದಲ್ಲಂತೂ 2009ರಲ್ಲಿ ಕಾನೂನೇ ಬಂತು: ಸಾರಿ ಅಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ ಅಂತ. ಸುಮ್ನೆ ಸಾರಿ ಅನ್ನುವುದಕ್ಕೂ ಜನ ಹೆದರಬಾರದಲ್ಲ!

ನಮ್ಮ 'ತಪ್ಪಾಯ್ತು'ಗೆ ಈ ನುಣುಚುವಿಕೆ ಅಷ್ಟಾಗಿ ಒಗ್ಗುವುದಿಲ್ಲ. ಪದದೊಳಗೇ ತಪ್ಪು ಕೂತಿದೆ. ಬಾಯಿಬಿಟ್ಟರೆ ಒಪ್ಪಿಕೊಂಡ ಹಾಗೆ. ಅದಕ್ಕೇ ಇರಬೇಕು, ನಾವು ಸಾರಿಯನ್ನು ಅಷ್ಟು ಬೇಗ ಮನೆಯೊಳಗೆ ಬಿಟ್ಟುಕೊಂಡಿದ್ದು. ಗಂಡಸರು ಹೆಂಡತಿಗೆ "ತಪ್ಪಾಯ್ತು ಕಣೇ" ಅನ್ನುವುದಕ್ಕಿಂತ "ಸಾರಿ ಸಾರಿ" ಅನ್ನುವುದು ಎಷ್ಟು ಸಲೀಸು, ಅಲ್ವಾ? ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇನ್ನು ಮಾತೇ ಬೇಡದ ಕ್ಷಮೆಯೂ ನಮ್ಮಲ್ಲಿದೆ. ಬಸ್ಸಿನಲ್ಲಿ ಕಾಲು ತಗುಲಿದರೆ ಅಜ್ಜಿ ಎದುರಿನವರ ತೋಳು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಷ್ಟೇ.

ಸಾವಿನ ಮನೆಯಲ್ಲಿ ಮಾತ್ರ ನಮಗೆ ಮಾತು ಕಮ್ಮಿ. 'ಛೇ, ಹೀಗಾಗಬಾರದಿತ್ತು' ಅಂತೀವಿ, ಇಲ್ಲ ಸುಮ್ನೆ ಕೈ ಹಿಡಿದು ಕೂರುತ್ತೀವಿ. ಹೋದ ತಿಂಗಳು ಆ ಮ್ಯಾನೇಜರ್‌ನ ಅಪ್ಪ ತೀರಿಕೊಂಡರು. ಮೆಸೇಜ್ ಬಂದಾಗ ನಾನು ಊರಿನಲ್ಲಿದ್ದೆ. 'ಐ ಆಮ್ ಸೋ ಸಾರಿ' ಅಂತ ಟೈಪ್ ಮಾಡಿ ಕಳಿಸಿದೆ. ಯಾವ ತಪ್ಪೂ ಮಾಡದೆ ನಾನು ಹೇಳಿದ ಮೊದಲ ಸಾರಿ ಅದು.

ವಿಷಯ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಅಯ್ಯೋ ಪಾಪ. ಊಟ ಮಾಡಿದ್ನಾ ಅಂತ ಕೇಳು."