ಸತ್ಯಾಂಶ: ಥೆರಪಿಗೆ ಹೋದರೆ ಮಕ್ಕಳು ಗೇ ಆಗ್ತಾರಾ?

ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡ್: "ಅಫರ್ಮಿಂಗ್ ಥೆರಪಿ ಮಕ್ಕಳನ್ನು ಗೇ ಮಾಡುತ್ತದೆ, ಆಟಿಸಂ ವಾಸಿಯಾಗಲು ಬಿಡುವುದಿಲ್ಲ." ಎರಡೂ ಸುಳ್ಳು. ಅಫರ್ಮಿಂಗ್ ಥೆರಪಿ ಅಂದರೆ ಮಗುವನ್ನು ಇದ್ದ ಹಾಗೆಯೇ ಒಪ್ಪಿಕೊಂಡು ನೆರವಾಗುವ ಥೆರಪಿ.

ಆಟಿಸಂ ವಾಸಿ ಮಾಡುವ ಔಷಧಿಯೇ ಇಲ್ಲ. ಈ ಥೆರಪಿಯಲ್ಲಿ, ಆಟಿಸಂ ಇದ್ದು ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗುವಿಗೆ "ಸುಮ್ನಿರು" ಅಂತ ಗದರುವುದಿಲ್ಲ. ಸ್ವಿಚ್ ಹಾಕುವ ಮೊದಲೇ ಮಗುವಿಗೆ ತಿಳಿಸಿ ಎಂದು ಮನೆಯವರಿಗೆ ಹೇಳಿಕೊಡುತ್ತಾರೆ. ಮಾತು ಕಲಿಸುವುದು, ಓದಿಗೆ ನೆರವು ಎಲ್ಲಾ ಇದ್ದೇ ಇರುತ್ತದೆ.

"ನನಗೆ ಹುಡುಗರೇ ಇಷ್ಟ" ಅನ್ನುವ ಹದಿನಾರರ ಹುಡುಗನ ಮಾತನ್ನೂ ಬೈಯದೆ ಕೇಳುತ್ತಾರೆ. ಕೇಳಿಸಿಕೊಂಡ ಮಾತ್ರಕ್ಕೆ ಯಾರಾದರೂ ಗೇ ಆಗ್ತಾರಾ? ಸಲಿಂಗಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು.

ಅಂದಹಾಗೆ, ಗೇ ಆದವರನ್ನು "ಸರಿ ಮಾಡ್ತೀವಿ" ಎಂದು ದುಡ್ಡು ಕೀಳುವ ಕನ್ವರ್ಷನ್ ಥೆರಪಿಯ ಬಗ್ಗೆ ಫಾರ್ವರ್ಡಿನಲ್ಲಿ ಒಂದಕ್ಷರವೂ ಇಲ್ಲ. ಮದ್ರಾಸ್ ಹೈಕೋರ್ಟ್ ಆದೇಶದ ನಂತರ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ಘೋಷಿಸಿದೆ.